ಮಾಮಾನ ಎದೆಯ ಫೋಟೋ

ಅರವತ್ತರ ದಶಕದ ನಡುವಿನ ಮಾತು. ತಿಕೋಟಾದ ಪ್ರಾಥಮಿಕ ಶಾಲೆಯಲ್ಲಿ ನಾನು ಕಲಿಸಲು ಸೇರಿ ಎರಡು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ಓದು ಬಲ್ಲ ಮೊದಲ ಹೆಣ್ಣುಮಗಳು ನಾನೇ. ಔಷಧದ ಚೀಟಿಯಿಂದ ಹಿಡಿದು ಬೀಗರ ಕಾಗದದವರೆಗೆ ಎಲ್ಲವೂ ನನ್ನ ಕೈಗೆ ಬರುತ್ತಿದ್ದವು.

ಒಂದು ರವಿವಾರ ಬಬಲೇಶ್ವರದಿಂದ ಅತ್ತಿ, ಅಂದರೆ ನನ್ನ ಸೋದರಮಾವನ ಹೆಂಡತಿ, ಒಬ್ಬಳೇ ಬಂದಳು. ಸೆರಗಿನ ಗಂಟಿನಿಂದ ಒಂದು ವಸ್ತ್ರ ತೆಗೆದು ನನ್ನ ಮುಂದಿಟ್ಟಳು. ಅದರ ಮೇಲೆ ಕೆಂಪು ಕಲೆ.

"ನಿಮ್ಮ ಮಾಮಾ ಕೆಮ್ಮಿದ್ದು ಬೇ. ಕೇಳಿದ್ರ ಎಲಿ ಅಡಿಕಿ ಅಂತಾನ. ಅಂವ ಎಲಿ ತಿನ್ನೂದ ಇಲ್ಲ, ಬರೇ ಬೀಡಿ."

ಮಾಮಾ ಹೊಲ ಮಾಡುತ್ತಿದ್ದ, ಕುರಿ ಕಾಯುತ್ತಿದ್ದ, ಓಣಿಗೆಲ್ಲ ಕೇಳುವಂತೆ ನಗುತ್ತಿದ್ದ. ಅವನನ್ನು ಬಿಜಾಪುರಕ್ಕೆ ಹೊರಡಿಸುವುದೇ ಕಷ್ಟವಾಯಿತು. ಕೊನೆಗೆ ಡಾಕ್ಟರರು ಎದೆಯ ಫೋಟೋ ತೆಗೆಯುತ್ತಾರೆ ಎಂದೆ. ಮರುದಿನವೇ ಹೊಸ ಪಟಗ ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಸ್ಸಿಗೆ ನಿಂತಿದ್ದ. ಸೊಲ್ಲಾಪುರ ರಸ್ತೆಯ ದವಾಖಾನೆಯಲ್ಲಿ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅವನ ಮುಖ ಸಣ್ಣದಾಯಿತು.

"ಮಾರಿನ ಬಂದಿಲ್ಲಲ್ರೀ ಸಾಹೇಬ್ರ."

ಫೋಟೋದಲ್ಲಿ ಮುಖವಿಲ್ಲವೆಂಬ ದೂರಿಗೆ ಡಾಕ್ಟರರು ನಕ್ಕರು. ಆಮೇಲೆ ಬಲಗಡೆಯ ಒಂದು ಬಿಳಿ ಮಬ್ಬಿನ ಮೇಲೆ ಬೆರಳಿಟ್ಟರು. ಕಫದಲ್ಲಿ ಕ್ಷಯದ ಸುಳಿವಿಲ್ಲ, ಇದು ಪುಪ್ಪುಸದ ಕ್ಯಾನ್ಸರ್ ಇರಬಹುದು, ಮಿರಜಿನ ದೊಡ್ಡ ದವಾಖಾನೆಗೆ ಹೋಗಿ ಖಾತ್ರಿ ಮಾಡಿಕೊಳ್ಳಬೇಕು ಎಂದರು.

ಆ ಶಬ್ದ ನಮಗಿಂತ ಮೊದಲೇ ಬಬಲೇಶ್ವರ ಮುಟ್ಟಿತ್ತೇನೋ. ಕನಮಡಿಯ ಬೀಗರು ಬಂದು, ಅದು ಅಂಟುರೋಗ ಎಂದರು. ಕಳ್ಳಕವಟಗಿಯಿಂದ ಯಾರೋ ಬೇರು ತಂದರು. ಕತ್ತಿ ತಾಗಿದರೆ ಗಂಟು ಮೈಯೆಲ್ಲ ಹಬ್ಬುತ್ತದೆ ಎಂದು ಇನ್ನೊಬ್ಬರು ಹೆದರಿಸಿದರು. ಅತ್ತಿ ಹೆದರಿ ಮಾಮಾ ಉಣ್ಣುವ ಗಂಗಾಳ ಬೇರೆ ಮಾಡಿದಳು. ಮೊಮ್ಮಕ್ಕಳನ್ನು ಅವನ ಹತ್ತಿರ ಬಿಡಲಿಲ್ಲ. ಕಟ್ಟೆಯ ಮೇಲೆ ಒಬ್ಬನೇ ಉಣ್ಣುತ್ತಿದ್ದ ಅವನನ್ನು ನೋಡಿ ನನಗೆ ಸಿಟ್ಟು ಬಂತು. ಆದರೆ ಅತ್ತಿಗೆ ಹೇಳೋಣವೆಂದರೆ ನನಗಾದರೂ ಏನು ಗೊತ್ತಿತ್ತು?

ಒಂದು ನೋಟುಬುಕ್ಕು ತೆಗೆದೆ. ಯಾರ್‍ಯಾರು ಏನೇನು ಹೇಳಿದ್ದರೋ ಅದನ್ನೆಲ್ಲ ಪ್ರಶ್ನೆ ಮಾಡಿ ಬರೆದೆ. ಅತ್ತಿಯನ್ನೂ ಕರೆದುಕೊಂಡು ಮತ್ತೆ ಬಿಜಾಪುರಕ್ಕೆ ಹೋದೆ. ನನ್ನ ಕೈಯಲ್ಲಿ ಪುಸ್ತಕ ನೋಡಿ ಡಾಕ್ಟರರು ಕುರ್ಚಿ ಎಳೆದು ಕೂತರು.

"ಕೇಳ್ರಿ ಅಕ್ಕಾರ, ಒಂದೊಂದ ಕೇಳ್ರಿ."

"ಕೂಡಿ ಉಂಡ್ರ ಹತ್ತತೈತೇನ್ರಿ?"

"ಇಲ್ರಿ. ಒಂದ ಗಂಗಾಳದಾಗ ಉಣ್ರಿ, ಏನೂ ಆಗೂದಿಲ್ಲ."

ಅತ್ತಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ನಾನು ಮುಂದಿನದಕ್ಕೆ ಹೋದೆ.

"ಕತ್ತಿ ತಾಗಿದ್ರ ಹಬ್ಬತೈತಂತ?"

"ಬಿಟ್ರ ಹಬ್ಬತೈತ್ರಿ. ಅವ್ರದು ಒಂದ ಕಡೆ ಇದ್ದಂಗ ಕಾಣತೈತಿ, ಅದಕ್ಕ ಲಗೂನ ಹೋಗ್ರಿ ಅನ್ನಾಕತ್ತೇನಿ."

"ಬೀಡಿಯಿಂದನ ಬಂತೇನ್ರಿ? ಮಾಮಾನ ಅಣ್ಣಾನೂ ಸೇದ್ತಾರ, ಅವ್ರು ಗಟ್ಟಿ ಅದಾರ."

"ಸೇದಿದವ್ರಿಗೆಲ್ಲಾ ಬರೂದಿಲ್ರಿ. ಖರೆ, ಬಂದವ್ರೊಳಗ ಸೇದವ್ರ ಹೆಚ್ಚು. ಅಣ್ಣಾಗೂ ಬಿಡಾಕ ಹೇಳ್ರಿ."

ಕೊನೆಯ ಪ್ರಶ್ನೆಗೆ ಪುಸ್ತಕವನ್ನೇ ಅವರತ್ತ ಸರಿಸಿದೆ. ಎಷ್ಟು ವರ್ಷ ಇರುತ್ತಾನೆ ಎಂದು ಬರೆದಿದ್ದೆ. ಅವರು ಓದಿ, ಕನ್ನಡಕ ತೆಗೆದು, "ಗೊತ್ತಿಲ್ರಿ" ಎಂದರು. ಅಲ್ಲಿಯವರೆಗೆ ನಮಗೆ ಗೊತ್ತಿಲ್ಲ ಎಂದವರು ಒಬ್ಬರೂ ಇರಲಿಲ್ಲ. ಅವರು ಹೇಳಿದ ಉಳಿದದ್ದನ್ನೆಲ್ಲ ನಾನು ನಂಬಿದ್ದು ಆ ಮಾತಿನಿಂದಲೇ.

ಆ ಸಂಜೆ ಅತ್ತಿ ದೊಡ್ಡ ಗಂಗಾಳದಲ್ಲಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ ಬಡಿಸಿ ಮಾಮಾನ ಮುಂದಿಟ್ಟಳು. ತಾನೂ ಎದುರಿಗೆ ಕೂತು ಅದರಿಂದಲೇ ತುತ್ತು ಮುರಿದಳು. ಮದುವೆಯಾದಾಗಿನಿಂದ ಗಂಡನ ಮುಂದೆ ಕೂತು ಉಂಡವಳಲ್ಲ. ಮಾಮಾ ಕಣ್ಣು ಪಿಳುಕಿಸದೆ ನೋಡಿದ.

"ಈ ಬ್ಯಾನಿ ಮದಲ ಬರಬೇಕಿತ್ತ ನೋಡು."

"ಉಣ್ಣ ಸುಮ್ನ" ಎಂದಳು ಅತ್ತಿ. ಮೊಮ್ಮಕ್ಕಳು ಓಡಿಬಂದು ಅವನ ತೊಡೆ ಹತ್ತಿದವು.

ಮಿರಜಿನಲ್ಲಿ ಖಾತ್ರಿಯಾಯಿತು. ಬಲ ಪುಪ್ಪುಸದ ಮೇಲಿನ ಭಾಗ ತೆಗೆದರು. ಮೊದಲ ವಾರ ಮಾಮಾ ಬಹಳ ನೋವುಂಡ. ಹಾಸಿಗೆಯಲ್ಲಿ ಎಬ್ಬಿಸಿ ಕೂಡಿಸಿ ದೀರ್ಘ ಉಸಿರು ಎಳೆಸುತ್ತಿದ್ದ ನರ್ಸಬಾಯಿಯನ್ನು ದಿನವೂ ಬೈಯುತ್ತಿದ್ದ. ದವಾಖಾನೆ ಬಿಟ್ಟು ಬರುವ ದಿನ ಅವಳಿಗೇ ಊರಿಗೆ ಬರಲು ಕರೆ ಕೊಟ್ಟ. ಬೀಡಿ ಬಿಟ್ಟ. ಬಾಯಿ ತುಡಿದಾಗ ಶೇಂಗಾ ತಿನ್ನುತ್ತಿದ್ದ. ಅಣ್ಣನನ್ನೂ ಕಾಡಿ ಕಾಡಿ ಬಿಡಿಸಿದ.

ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದೆವು. ಜೋಳ ತೆನೆ ಬಿಟ್ಟಿತ್ತು. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಅಣ್ಣನ ಮಗ ಬುಟ್ಟಿ ಎತ್ತಿಕೊಂಡಾಗ ಮಾಮಾ ಅದನ್ನು ಕಸಿದುಕೊಂಡ. ಬದುವಿನ ಮೇಲೆ ನಿಧಾನ ನಡೆದ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ನಾಲ್ಕೂ ಮೂಲೆಗೆ ಚರಗ ಚೆಲ್ಲಿ ಬನ್ನಿ ಗಿಡದ ಕೆಳಗೆ ಬಂದು ಕೂತು, "ಕಡಬು ಉಳದಾವೋ ಇಲ್ಲೋ?" ಎಂದ.

ಆಮೇಲೂ ಎಷ್ಟೋ ಸುಗ್ಗಿ ಅವನು ಆ ಹೊಲದ ಜೋಳ ರಾಶಿ ಮಾಡಿದ.