ಹುಳುಮನೆಯ ಬಾಗಿಲಲ್ಲಿ ಅಕ್ಕನ ಮುಖ

ಬಿಡದಿಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಮುಖಕ್ಕೆ ಪೀಲಿಂಗ್ ಮಾಡಿಸಿಕೊಂಡ ಸುದ್ದಿ ತೆಗೆದರೆ ನನ್ನ ಕೈ ತುತ್ತಿನ ಮೇಲೇ ನಿಂತುಬಿಡುತ್ತದೆ. ಚನ್ನಪಟ್ಟಣದಿಂದ ಅಕ್ಕೂರಿನ ಕಡೆಗೆ ಹೊರಟ ಬಸ್ಸು, ಕಿಟಕಿ ಪಕ್ಕ ವೇಲಿನಲ್ಲಿ ಮುಖ ಮುಚ್ಚಿಕೊಂಡು ಕೂತ ಅಕ್ಕ, ಎರಡೂ ಕಣ್ಣ ಮುಂದೆ ಬರುತ್ತವೆ.

ಅಕ್ಕನೆಂದರೆ ದೊಡ್ಡಪ್ಪನ ಮಗಳು. ಒಂದೇ ಮನೆಯಲ್ಲಿ ಬೆಳೆದವರು ನಾವು. ಮನೆಯ ಹಿಂದೆ ರೇಷ್ಮೆ ಸಾಕುವ ಹುಳುಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ. ಹುಳುಮನೆಗೆ ಅಜ್ಜಿಯೇ ಯಜಮಾನಿ. ಹುಳುಗಳಿಗೆ ಘಾಟು ವಾಸನೆ ಆಗುವುದಿಲ್ಲವೆಂದು ಪೌಡರು, ಸೆಂಟು, ಸ್ನೋ ಬಳಿದುಕೊಂಡವರನ್ನು ಅಜ್ಜಿ ಒಳಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಕೆನ್ನೆಯ ಹತ್ತಿರ ಮೂಗು ತಂದು ಮೂಸುತ್ತಿದ್ದಳು.

“ಏನೇ ಇದು, ಗಮ್ ಅಂತೀಯ? ತೊಳ್ಕಂಡ್ ಬಾ ಹೋಗು.”

“ಈ ಮನೇಲಿ ಹುಳಕ್ಕಿರೋ ಬೆಲೆ ನಂಗಿಲ್ಲ,” ಎಂದು ಅಕ್ಕ ಗೊಣಗುತ್ತಿದ್ದಳು.

“ಹುಳ ಗೂಡು ಕಟ್ತದೆ. ನೀನೇನ್ ಕಟ್ಟೀಯ?”

ನಗುತ್ತಾ ಬಚ್ಚಲಿಗೆ ಓಡುತ್ತಿದ್ದೆವು. ಒದ್ದೆ ಮುಖದಲ್ಲೇ ಒಳಗೆ ಹೋದರೆ ಹಸಿ ಸೊಪ್ಪಿನ ವಾಸನೆ, ತಟ್ಟೆ ತಟ್ಟೆಯಲ್ಲೂ ಹುಳು ಮೇಯುವ ಸದ್ದು. ಆ ತಂಪಿನಷ್ಟು ಹಿತವಾದದ್ದನ್ನು ನನ್ನ ಮುಖ ಆಮೇಲೆ ಕಂಡಿಲ್ಲ.

ಅಕ್ಕ ಓದು ಮುಗಿಸಿ ಚನ್ನಪಟ್ಟಣದ ಒಂದು ಸ್ಕೂಲಿನಲ್ಲಿ ಟೀಚರಾದಳು. ಕೆನ್ನೆಯ ಮೇಲೆ ಉಳಿದಿದ್ದ ಮೊಡವೆ ಕಲೆಗಳಿಗೆಂದು ಒಂದು ಫೇಶಿಯಲ್ ಮಾಡಿಸಿದಳು. ಎಲ್ಲರೂ ಚೆನ್ನಾಗಿದೆ ಅಂದರು, ಅದೇ ತಪ್ಪಾಯಿತೇನೋ. ಹಬ್ಬಕ್ಕೊಮ್ಮೆ ಇದ್ದದ್ದು ತಿಂಗಳಿಗಾಯಿತು, ತಿಂಗಳಿನದು ವಾರಕ್ಕೆ ಬಂತು. ಮೇಲೆ ಬ್ಲೀಚು, ಅದರ ಮೇಲೆ ಮೇಲ್ಚರ್ಮ ಸುಲಿಸುವ ಪೀಲಿಂಗು. ರಾತ್ರಿ ಹಚ್ಚಲು ಫ್ಯಾನ್ಸಿ ಸ್ಟೋರಿನಿಂದ ತಂದ, ಹೆಸರೂ ಇಲ್ಲದ ಡಬ್ಬಿಯ ಕ್ರೀಮು. ಹಚ್ಚದ ದಿನ ಮುಖ ಕೆಂಪಗಾಗುತ್ತಿತ್ತು, ಹಾಗಾಗಿ ಮತ್ತೆ ಹಚ್ಚುತ್ತಿದ್ದಳು.

ಆ ಭಾನುವಾರ ನಾನೂ ಜೊತೆಗಿದ್ದೆ. ನನ್ನ ಡಿಗ್ರಿಯ ಕೊನೆಯ ವರ್ಷ ಅದು. ಪಾರ್ಲರಿನ ಹೆಂಗಸು ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಹೋದ್ ಸಲದ್ದೇ ಇನ್ನೂ ಆರಿಲ್ಲ ಮೇಡಂ. ಒಸಿ ದಿನ ಬುಟ್ಟು ಬನ್ನಿ,” ಅಂದಳು.

“ಮಾಡಿ ಮಾಡಿ. ನಂದು ಎಮ್ಮೆ ಚರ್ಮ,” ಎಂದು ಅಕ್ಕ ಕುರ್ಚಿಗೆ ಒರಗಿದಳು.

ವಾಪಸ್ ಬರುವಾಗ ಬಸ್ಸು ಚನ್ನಪಟ್ಟಣ ದಾಟುವಷ್ಟರಲ್ಲಿ, “ಉರೀತಾ ಐತೆ ಕಣೇ,” ಅಂದಳು. ಯಾವಾಗಲೂ ಉರಿಯುತ್ತದಲ್ಲ ಅಂದುಕೊಂಡೆ. ವೇಲು ಸರಿಸಿದಾಗ ರೆಪ್ಪೆಗಳು ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಅವಳದಾಗಿರಲಿಲ್ಲ. ಏನೋ ಹೇಳಲು ಹೋದಳು, ಗಂಟಲಿನಿಂದ ಸೀಟಿಯಂಥ ಸದ್ದಷ್ಟೇ ಬಂತು. ನನ್ನ ಮಣಿಕಟ್ಟನ್ನು ಹಿಡಿದ ಅವಳ ಉಗುರು ಒಳಗಿಳಿಯಿತು.

ಕಂಡಕ್ಟರ್ ಒಮ್ಮೆ ನೋಡಿದವನೇ ಬಸ್ಸು ನಿಲ್ಲಿಸಿ, ಹಿಂದಿನಿಂದ ಬಂದ ಆಟೋಗೆ ಅಡ್ಡ ನಿಂತ. “ಲೇ, ತಿರುಗ್ಸ್ಲಾ ಗಾಡಿಯ, ಆಸ್ಪತ್ರೆಗೆ. ಬಾಡಿಗೆ ಆಮ್ಯಾಕ್ ಮಾತಾಡು.” ಆ ದಾರಿಯುದ್ದಕ್ಕೂ ನಾನು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಈಗಲೂ ಕೆಲವೊಮ್ಮೆ ಅದನ್ನೇ ನೋಡುತ್ತಾ ಎಚ್ಚರಾಗುತ್ತೇನೆ.

ಇಂಜೆಕ್ಷನ್ನು, ಆಕ್ಸಿಜನ್ನು ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ಮುಖ ಮಾತ್ರ ಸುಟ್ಟಂತಾಗಿತ್ತು. ಮನೆಗೆ ಕಳಿಸುವಾಗ ಡಾಕ್ಟರು, “ನಾನು ಬರೆದ ಮುಲಾಮು ಬಿಟ್ಟು ಏನೂ ಹಚ್ಚಬಾರದು, ಬಿಸಿಲಿಗೆ ಹೋಗಬಾರದು. ಸಿಪ್ಪೆ ಏಳುತ್ತೆ, ಕೀಳಬೇಡಿ. ಕಿತ್ತರೆ ಕೀವಾಗುತ್ತೆ, ಗುರುತು ಜನ್ಮಕ್ಕೆ ಉಳಿಯುತ್ತೆ,” ಎಂದರು.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಹುಳುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಕೂತು ಅಕ್ಕ ಕೈಗನ್ನಡಿ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಹೋದಾಗ ಆ ಹೆಸರಿಲ್ಲದ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಇನ್ನೊಂದು ಕೈ ದವಡೆಯ ಹತ್ತಿರ ಎದ್ದ ಸಿಪ್ಪೆಯ ತುದಿ ಹಿಡಿದಿತ್ತು.

“ಒಂದೇ ಚೂರು ಕಣೇ. ಇಂಥ ಮುಖ ಇಟ್ಕಂಡು ಮಕ್ಕಳ ಮುಂದೆ ಹೆಂಗ್ ನಿಂತ್ಕಳ್ಳಿ?”

ನಾನು ಅಜ್ಜಿಯನ್ನು ಕೂಗಿದೆ. ಅಜ್ಜಿ ಬೈಯಲಿಲ್ಲ. ಹುಳುಮನೆಗೆ ಹೋಗಿ, ಒಂದು ಹುಳು ಕೂತಿದ್ದ ಎಲೆಯನ್ನೇ ಅಲ್ಲಾಡದಂತೆ ಎತ್ತಿಕೊಂಡು ಕೋಣೆಯ ಹೊಸ್ತಿಲವರೆಗೆ ಬಂದಳು. ಹುಳುಗಳು ಆಗ ನಾಲ್ಕನೇ ಜ್ವರದಲ್ಲಿದ್ದವು. ಹಳೆಯ ಚರ್ಮ ಕಳಚುವ ಮುನ್ನ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಅವನ್ನು ಯಾರೂ ಮುಟ್ಟುವಂತಿಲ್ಲ.

“ನೋಡು. ಕಳಚ್ತಾ ಐತೆ. ನಾನ್ ಎಳುದ್ರೆ ಬಂದ್ಬುಡ್ತದೆ, ಹುಳ ಸತ್ತೋಯ್ತದೆ. ಅದ್ಕೇ ಎಳೆಯಲ್ಲ.”

“ನಾನೇನ್ ಹುಳನಾ ಅಜ್ಜಿ?”

“ಹುಳಾನೇ ವಾಸಿ. ಪಾರ್ಲರಿಗೆ ಹೋಗಲ್ಲ.”

ಅಕ್ಕನಿಗೆ ನಗು ಬಂತು. ನಕ್ಕರೆ ಚರ್ಮ ಬಿರಿದು ನೋಯುತ್ತಿದ್ದರಿಂದ ಕಣ್ಣಲ್ಲಿ ನೀರೂ ಬಂತು. ಸಿಪ್ಪೆ ಹಿಡಿದ ಕೈ ಕೆಳಗಿಳಿಯಿತು. ಡಬ್ಬಿಯನ್ನು ತಿಪ್ಪೆಗೆ ಎಸೆಯಲು ನಾನು ಹೊರಟರೆ ಅಜ್ಜಿ ತಡೆದಳು. “ಅಲ್ಲಿ ಬ್ಯಾಡ, ಆ ಗೊಬ್ಬರವ ಸೊಪ್ಪಿನ್ ಗಿಡುಕ್ ಹಾಕ್ತೀವಿ.” ಕೊನೆಗೆ ಅದು ಪೇಪರು ಸುತ್ತಿಸಿಕೊಂಡು ಪಂಚಾಯ್ತಿಯ ಕಸದ ಗಾಡಿಯಲ್ಲಿ ಹೋಯಿತು.

ಅಜ್ಜಿ ಈಗಿಲ್ಲ. ಹುಳುಮನೆಯಲ್ಲಿ ಪೈಪು, ಮೋಟಾರು ತುಂಬಿವೆ. ಅಕ್ಕ ಅದೇ ಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ದವಡೆಯ ಅಂಚಿನಲ್ಲಿ ಕಾಳಿನಷ್ಟು ಬಿಳಿ ಗುರುತು ಉಳಿದಿದೆ. ಅವಳು ಅದನ್ನು ಮುಚ್ಚುವುದಿಲ್ಲ.

ನನಗೆ ಆ ಬಸ್ಸು ನೆನಪಾದಾಗಲೆಲ್ಲ ಇನ್ನೊಂದು ಬೆಳಗನ್ನೂ ಹಟ ಹಿಡಿದು ನೆನೆಯುತ್ತೇನೆ. ಅದೇ ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುವ ದಿನ. ಎಲ್ಲ ಕೈಗಳೂ ಬೇಕಿದ್ದವು. ಡಾಕ್ಟರು ಹೇಳಿದಷ್ಟು ದಿನ ಮುಲಾಮು ಹಚ್ಚಿ ಮುಗಿದಿತ್ತು. ಅಕ್ಕ ಬಾಗಿಲಿಗೆ ಬಂದು, ಹೇಳುವ ಮೊದಲೇ ಕೆನ್ನೆ ಒಡ್ಡಿ ನಿಂತಳು. ಹೊಸ ಚರ್ಮ ಎಳೆಯದಾಗಿ, ಅಲ್ಲಲ್ಲಿ ಬಣ್ಣ ಬೇರೆಯಾಗಿತ್ತು. ಅಜ್ಜಿ ಹತ್ತಿರ ಬಂದು ಮೂಸಿದಳು. ಇನ್ನೊಂದು ಕೆನ್ನೆಯನ್ನೂ ಮೂಸಿದಳು.

“ಏನೂ ಇಲ್ಲ. ಬಾ,” ಎಂದು ಪಕ್ಕಕ್ಕೆ ಸರಿದಳು.