ಎದುರಿನವರ ಮಾತು

ಅವರ ಬಲ ಕಿವಿಯ ಕೆಳಗಿನಿಂದ ಕತ್ತಿನವರೆಗೆ ಒಂದು ಸುಟ್ಟ ಕಲೆ ಇತ್ತು. ಅಲ್ಲಿ ಚರ್ಮ ಹಪ್ಪಳದ ಹಾಗೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಪರಿಚಯವಾಗಿ ಎಷ್ಟೋ ಕಾಲದವರೆಗೆ ನಾನು ಅದನ್ನು ಸರಿಯಾಗಿ ನೋಡಿರಲೇ ಇಲ್ಲ. ಯಾವ ಕೋಣೆಗೆ ಹೋದರೂ ಅವರು ಮೊದಲು ಕಿಟಕಿ ಎಲ್ಲಿದೆ ಎಂದು ಹುಡುಕಿ, ಎಡಗೆನ್ನೆಗೆ ಬೆಳಕು ಬೀಳುವ ಕುರ್ಚಿಯಲ್ಲೇ ಕೂರುತ್ತಿದ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ಆ ಕುರ್ಚಿ ಗಣಿತದ ಮೇಡಂ ಅವರದು. ಇವರು ಬಂದ ಮೊದಲ ವಾರವೇ ಅದು ಕೈಬಿಟ್ಟು ಹೋಯಿತು. ಗಣಿತದವರ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ.

ನಾನು ಆಗ ದುಬೈಯ ಅಲ್ ಕುಸೈಸಿನಲ್ಲಿ ಒಂದು ಇಂಡಿಯನ್ ಶಾಲೆಯ ಪ್ರೈಮರಿ ಟೀಚರ್. ಮೆಟ್ರೋದ ಹಸಿರು ಲೈನು ನಮ್ಮ ಕಡೆಗೆ ಹೊಸದಾಗಿ ಬಂದಿದ್ದ ವರ್ಷಗಳು. ಇವರು ಮಕ್ಕಳಿಗೆ ನಾಟಕ ಕಲಿಸಲು ಬಂದವರು, ವಯಸ್ಸು ಎಪ್ಪತ್ತರ ಹತ್ತಿರ. ಒಂದು ಕಾಲದಲ್ಲಿ ಇಂಗ್ಲೆಂಡಿನ ಸಿನೆಮಾ ನಟಿ ಎಂದು ಪ್ರಿನ್ಸಿಪಾಲರು ಪರಿಚಯಿಸಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿನೆಮಾದವರು, ಅದರಲ್ಲೂ ಬ್ರಿಟಿಷರು, ಜುಮೇರಾದ ವಿಲ್ಲಾ ಬಿಟ್ಟು ನಮ್ಮದೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ, ಎಲ್ಲರ ಮನೆಯ ಮೀನು ಹುರಿಯುವ ವಾಸನೆಯ ನಡುವೆ ಯಾಕೆ ಇರುತ್ತಾರೆ? ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ.

"ನನ್ನ ಗಂಡನನ್ನು ಇಲ್ಲಿ ಮಣ್ಣು ಮಾಡಿದ್ದೇನೆ. ಅವನನ್ನು ಬಿಟ್ಟು ಎಲ್ಲಿಗೆ ಹೋಗಲಿ?" ಎಂದರು.

ಅವರು ಮಾತಾಡುತ್ತಿದ್ದದ್ದು ಇಂಗ್ಲಿಷ್. ಆದರೆ ನನ್ನ ನೆನಪಿನಲ್ಲಿ ಅದೆಲ್ಲ ಹೇಗೋ ಕನ್ನಡವಾಗಿಯೇ ಕೂತಿದೆ. ಗಂಡ ಬಂದರುಗಳನ್ನು ಕಟ್ಟುವ ಎಂಜಿನಿಯರ್ ಆಗಿದ್ದರಂತೆ, ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ಈ ದೇಶದಲ್ಲಿ ಉಳಿಯಲು ಅವರಿಗಿದ್ದದ್ದು ನಮ್ಮ ಶಾಲೆ ವರ್ಷ ವರ್ಷ ಮಾಡಿಕೊಡುತ್ತಿದ್ದ ವೀಸಾ ಒಂದೇ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಸಮಾಧಿ ದೂರವಾಯಿತು. ಗಲ್ಫಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಚಹಾಕ್ಕೆ ಕರೆಯುತ್ತಿದ್ದರು. ಅವರ ಅಪ್ಪ ಇಂಗ್ಲೆಂಡಿನ ಒಂದು ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದರಂತೆ. ಮಂಗಳೂರಿನ ಬಂದರು ಕಂಡ ನನಗೆ ಆ ಮಾತಿನಿಂದಲೇ ಅವರು ಹತ್ತಿರವಾದರು. ಹದಿನಾರಕ್ಕೇ ಊರೂರು ತಿರುಗುವ ನಾಟಕ ಕಂಪೆನಿ ಸೇರಿ, ಅಲ್ಲಿಂದ ಸಿನೆಮಾಕ್ಕೆ ಹೋದವರು. ಸಿಕ್ಕಿದ್ದು ಹೆಚ್ಚಾಗಿ ದೆವ್ವದ ಸಿನೆಮಾಗಳು. "ನನ್ನನ್ನು ಬಾವಿಗೆ ದೂಡಿದ್ದಾರೆ, ಕತ್ತು ಹಿಸುಕಿದ್ದಾರೆ, ಒಮ್ಮೆ ಗೋಡೆಯೊಳಗೆ ನಿಲ್ಲಿಸಿ ಕಲ್ಲು ಕಟ್ಟಿದ್ದಾರೆ. ನಲವತ್ತಾದ ಮೇಲೆ ಕೊಲ್ಲುವುದಕ್ಕೂ ಯಾರೂ ಕರೆಯಲಿಲ್ಲ," ಎಂದು ನಗುತ್ತಿದ್ದರು. ಕತ್ತಿನ ಕಲೆಯೂ ಅಂಥದೇ ಒಂದು ಶೂಟಿಂಗಿನದು. ಮೇಣದ ಬತ್ತಿಯ ಬೆಂಕಿ ವಿಗ್ಗಿಗೆ ಹಿಡಿದಿತ್ತು. ಗಾಯ ಒಣಗುವ ಮೊದಲೇ ಅವರನ್ನು ಎಡಗಡೆಯಿಂದ ನಿಲ್ಲಿಸಿ ಸಿನೆಮಾ ಮುಗಿಸಿದರಂತೆ. ಕೇಳಿದ ನನಗೇ ಸಿಟ್ಟು ಬಂತು, ಅವರಿಗೆ ಮಾತ್ರ ಇರಲಿಲ್ಲ.

ಅವರು ಕಲಿಸುವ ರೀತಿ ಬೇರೆ. ನಾಟಕದಲ್ಲಿ ಯಾವ ಮಗುವಿಗೂ ಅದರದೇ ಮಾತನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ. ರಾಣಿಯಾದವಳು ಮಂತ್ರಿಯ ಮಾತು ಕಲಿಯಬೇಕು, ಮಂತ್ರಿಯಾದವನು ರಾಣಿಯದು. "ನಿನ್ನ ಮಾತು ಬರೀ ಉತ್ತರ. ಎದುರಿನವರು ಏನು ಹೇಳುತ್ತಾರೆಂದು ಪೂರ್ತಿ ಗೊತ್ತಿದ್ದರೆ ಉತ್ತರ ತಾನಾಗಿ ಬರುತ್ತದೆ," ಎನ್ನುತ್ತಿದ್ದರು. ಅವರು ಜೀವನವಿಡೀ ಹಾಗೇ ಕಲಿತವರಂತೆ. ನಮ್ಮ ಕಡೆಯ ಒಬ್ಬರು ತಂದೆ ಶಾಲೆಗೇ ಬಂದು ನನ್ನನ್ನು ಹಿಡಿದುಕೊಂಡರು. "ಎಂತ ಟೀಚರ್ ಇದು? ನನ್ನ ಮಗಳು ರಾಣಿ ಅಂತ ಡ್ರೆಸ್ ಹೊಲಿಸಿ ಆಯ್ತು. ಮನೆಯಲ್ಲಿ ನೋಡಿದ್ರೆ ಇಡೀ ದಿನ ಮಂತ್ರಿಯದ್ದೇ ಡೈಲಾಗ್." ಪಕ್ಕದಲ್ಲಿದ್ದ ಮಗಳು "ಡ್ಯಾಡಿ, ಯು ಡೋಂಟ್ ಅಂಡರ್‌ಸ್ಟ್ಯಾಂಡ್ ಆಕ್ಟಿಂಗ್" ಎಂದಳು. ಆ ವರ್ಷ ಸ್ಟೇಜಿನ ಮೇಲೆ ಒಂದು ಮಗುವೂ ತಡವರಿಸಲಿಲ್ಲ.

ತಡವರಿಸಲು ಶುರುಮಾಡಿದ್ದು ಅವರೇ. ಒಲೆಯ ಮೇಲೆ ನೀರಿಟ್ಟು ಮರೆಯುವುದು, ಹೇಳಿದ್ದನ್ನೇ ಹೇಳುವುದು ಮೊದಲು. ಒಂದು ಸಂಜೆ ನನ್ನ ಮನೆಯ ಬಾಗಿಲಿಗೆ ತಮ್ಮ ಕೀ ಹಾಕಿ ತಿರುಗಿಸುತ್ತ ನಿಂತಿದ್ದರು. ನಾನು ಒಳಗಿನಿಂದ ಬಾಗಿಲು ತೆರೆದಾಗ "ನನ್ನ ಮನೆಯಲ್ಲಿ ನೀನೇನು ಮಾಡುತ್ತಿದ್ದೀಯ?" ಎಂದು ಕೇಳಿದರು. ಆಮೇಲೆ ನನ್ನ ಏಸುವಿನ ಪಟ ನೋಡಿ ತಿಳಿಯಿತೆಂದು ಕಾಣುತ್ತದೆ, ಮುಖ ಬಿಳಿಚಿಕೊಂಡಿತು. ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡರು. ನಾನು ಹೇಳಲಿಲ್ಲ.

ಅದಾದ ಸ್ವಲ್ಪ ದಿನಗಳಲ್ಲೇ ಅಬುಧಾಬಿಯಿಂದ ಕರೆ ಬಂತು. ಹೊರದೇಶದ ಕಂಪೆನಿಯೊಂದು ಅಲ್ಲಿ ಸಿನೆಮಾ ತೆಗೆಯುತ್ತಿತ್ತು, ಅದಕ್ಕೆ ಒಬ್ಬಳು ಇಂಗ್ಲಿಷ್ ಮುದುಕಿ ಬೇಕಿತ್ತು. ಒಂದೇ ದೃಶ್ಯ: ವರ್ಷಗಳ ಮೇಲೆ ಮನೆಗೆ ಬಂದ ಮಗಳು, ಕುರ್ಚಿ ಬಿಟ್ಟು ಏಳದ ತಾಯಿ. "ಬೇಡ ಮ್ಯಾಮ್, ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಶಾಲೆಯವರೆಗೂ ಸುದ್ದಿ ಬರುತ್ತದೆ," ಎಂದೆ. ಅವರು ಕೇಳಲಿಲ್ಲ. ಮೂವತ್ತು ವರ್ಷಗಳಿಂದ ತಾನು ಕ್ಯಾಮೆರಾದ ಮುಂದೆ ಕೂತಿಲ್ಲ, ತಲೆ ಪೂರ್ತಿ ಖಾಲಿಯಾಗುವ ಮೊದಲು ಒಮ್ಮೆ ಕೂರಬೇಕು ಎಂದರು. ಅದರ ಮುಂದೆ ನನ್ನ ವಾದ ನಡೆಯಲಿಲ್ಲ.

ಸಂಜೆಗಳಲ್ಲಿ ಅಭ್ಯಾಸ ನಡೆಯಿತು. ಮಗಳ ಮಾತು ನಾನು ಹೇಳಬೇಕು. ಬಾಗಿಲಲ್ಲಿ ನಿಂತು, "ನಾನು ಬಂದೆ, ಅಮ್ಮ."

ಅವರು ತಿರುಗದೆಯೇ, "ಬಾಗಿಲು ಹಾಕು. ಮರಳು ಒಳಗೆ ಬರುತ್ತದೆ."

"ನನ್ನ ಗುರುತು ಸಿಕ್ಕಿತಾ?"

"ಗುರುತಿಲ್ಲದವರಿಗೆ ನಾನು ಬಾಗಿಲು ಹಾಕು ಎನ್ನುವುದಿಲ್ಲ."

ಇಷ್ಟೇ ಮಾತು. ನನ್ನ ಮಂಗಳೂರು ಇಂಗ್ಲಿಷಿನಲ್ಲಿ ಎಷ್ಟು ಸಲ ಹೇಳಿದೆನೋ ದೇವರಿಗೇ ಗೊತ್ತು. ಕೊನೆಗೆ ಅವರ ಉತ್ತರ ಎಷ್ಟು ಸಹಜವಾಗಿ ಬರುತ್ತಿತ್ತೆಂದರೆ ನಾನು ನಿಜವಾಗಿಯೂ ಹೋಗಿ ಬಾಗಿಲು ಹಾಕುತ್ತಿದ್ದೆ.

ನಮ್ಮನ್ನು ಅಬುಧಾಬಿಗೆ ಕರೆದುಕೊಂಡು ಹೋದವರು ನಾಲ್ಕನೇ ಮಾಳಿಗೆಯ ಭಟ್ಕಳದ ಸಾಹೇಬರು. ರಾಸ್ ಅಲ್ ಖೋರಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇದ್ದ ಅವರಿಗೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ತಮ್ಮನ ಅಂಗಡಿಗೆ ಹೇಗೂ ಹೋಗುವುದಿತ್ತು. ಅವರ ಮನೆಯಲ್ಲಿ ನವಾಯತಿ, ನನ್ನ ಮನೆಯಲ್ಲಿ ಕೊಂಕಣಿ, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ದಾರಿಯಲ್ಲಿ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ ನೋಡಿ ಕೊನೆಗೆ ಕೇಳಿದರು. "ಟೀಚರ್, ಇವ್ರನ್ನು ಬಾವಿಗೆ ದೂಡಿ ಹಾಕಿದ ಸಿನೆಮಾ ಉಂಟಾ?"

"ಉಂಟಂತೆ. ನಿಮಗೆ ಹೇಗೆ ಗೊತ್ತು?"

"ನಮ್ಮ ಅಪ್ಪ ಇಲ್ಲಿಂದ ವಿಸಿಆರ್ ತಂದಿದ್ರು, ಅದ್ರ ಜೊತೆಗೆ ಬಂದ ಕ್ಯಾಸೆಟ್. ಅದು ನೋಡಿ ನಾನು ಎಷ್ಟೋ ದಿನ ನಮ್ಮ ಬಾವಿಕಟ್ಟೆ ಹತ್ರ ಹೋಗ್ಲಿಲ್ಲ ಮಾರಾಯ್ರೆ. ಅವ್ರಿಗೆ ಹೇಳಿ, ಈಗ ಬದುಕಿದ್ದಾರಲ್ಲ, ನಂಗೆ ಸಮಾಧಾನ ಆಯ್ತು ಅಂತ."

ನಾನು ಹೇಳಿದೆ. ಅವರು ಮುಂದೆ ಬಾಗಿ ಸಾಹೇಬರ ಭುಜ ತಟ್ಟಿದರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಶೂಟಿಂಗು ಒಂದು ಹಳೆಯ ವಿಲ್ಲಾದಲ್ಲಿ. ಅಲ್ಲಿಗೆ ಹೋದದ್ದೇ ಅವರು ಬೆನ್ನು ನೆಟ್ಟಗೆ ಮಾಡಿ, ದೀಪ ಎಲ್ಲಿದೆ ನೋಡಿ, ಯಾರೂ ಹೇಳದೆಯೇ ಕುರ್ಚಿಯನ್ನು ಒಂದಿಷ್ಟು ತಿರುಗಿಸಿ ಕೂತರು. ಮಗಳ ಪಾತ್ರದ ಹುಡುಗಿ ಬಾಗಿಲಲ್ಲಿ ನಿಂತು, "ನಾನು ಬಂದೆ, ಅಮ್ಮ" ಎಂದಳು. ಇವರು ಸುಮ್ಮನೆ ಕೂತಿದ್ದರು. ಎರಡನೇ ಸಲ ಬಾಗಿಲಿನ ಮಾತು ಬಂತು, ಆದರೆ ಹುಡುಗಿ ಬಾಯಿ ತೆರೆಯುವ ಮೊದಲೇ ಇವರು ಅವಳ ಮಾತನ್ನು ತಾವೇ ಕೇಳಿದರು: "ನನ್ನ ಗುರುತು ಸಿಕ್ಕಿತಾ?" ಮತ್ತೆ ತೆಗೆದರು. ಮತ್ತೆ ಅದೇ. ಮೂರನೆಯ ಸಲ ಅದು ನಟನೆಯ ಹಾಗೆ ಕೇಳಿಸಲಿಲ್ಲ. ಸುತ್ತ ನಿಂತವರ ಮುಖವನ್ನೆಲ್ಲ ನೋಡುತ್ತ ನಿಜವಾಗಿಯೇ ಕೇಳುತ್ತಿದ್ದರು. ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು.

ನಿರ್ದೇಶಕ ಚಿಕ್ಕ ಪ್ರಾಯದವನು, ಒಳ್ಳೆಯವನು. ಮಾತನ್ನು ದೊಡ್ಡದಾಗಿ ಬರೆದು ಕ್ಯಾಮೆರಾದ ಹಿಂದೆ ಹಿಡಿಯೋಣವೇ ಎಂದ. "ಓದುವ ಕಣ್ಣು ಪರದೆಯ ಮೇಲೆ ಗೊತ್ತಾಗುತ್ತದೆ," ಎಂದು ಇವರು ಒಪ್ಪಲಿಲ್ಲ. ನನ್ನತ್ತ ಕೈ ತೋರಿಸಿದರು. "ಅವಳು ಹೇಳಲಿ. ನಾನು ಕಲಿತದ್ದು ಅವಳ ಮಾತು."

ಹೀಗೆ ನಾನು ಕ್ಯಾಮೆರಾದ ಪಕ್ಕ, ನೆಲದ ಮೇಲೆ, ಸೀರೆ ಮುದುರಿಕೊಂಡು ಕೂತೆ. "ನಾನು ಬಂದೆ, ಅಮ್ಮ" ಎಂದೆ. ಅವರು ಉತ್ತರ ಕೊಟ್ಟರು. "ನನ್ನ ಗುರುತು ಸಿಕ್ಕಿತಾ?" ಎಂದೆ. ಆಗ ಅವರು ಆ ಎಡಗೆನ್ನೆಯನ್ನು ಒಂದಿಷ್ಟೇ ಈಚೆಗೆ ತಿರುಗಿಸಿ ನನ್ನನ್ನು ನೋಡಿದ ರೀತಿ ಇದೆಯಲ್ಲ, ನನ್ನ ಹೆತ್ತ ತಾಯಿಯೂ ನನ್ನನ್ನು ಹಾಗೆ ನೋಡಿದ ನೆನಪಿಲ್ಲ. ಕೊನೆಯ ಮಾತು ಒಂದಕ್ಷರ ತಪ್ಪದೆ ಬಂತು. ದೀಪ ಹಿಡಿದಿದ್ದವನೂ ಕಣ್ಣು ಒರೆಸಿಕೊಂಡ.

ವಾಪಸು ಬರುವಾಗ ಅವರು ಸಂತೋಷವಾಗಿರಲಿಲ್ಲ. "ಖಲಾಸ್," ಎಂದರು, ಇಲ್ಲಿಯ ಎಲ್ಲರಂತೆ. ಸ್ವಲ್ಪ ದೂರ ಬಂದ ಮೇಲೆ, "ಶಾಲೆಯಲ್ಲಿ ತಿಳಿದರೆ ನನ್ನನ್ನು ವಿಮಾನ ಹತ್ತಿಸುತ್ತಾರೆ. ಅವನು ಇಲ್ಲಿ ಒಬ್ಬನೇ ಆಗುತ್ತಾನೆ," ಎಂದರು. ಸಾಹೇಬರಿಗೆ ಇಂಗ್ಲಿಷ್ ಅಷ್ಟು ಬಾರದು, ಆದರೆ ಮನೆ ಮುಟ್ಟಿದ ಮೇಲೆ ನನ್ನೊಬ್ಬಳಿಗೇ ಹೇಳಿದರು. "ಟೀಚರ್, ನಾನೇನೂ ನೋಡ್ಲಿಲ್ಲ, ಕೇಳ್ಲಿಲ್ಲ. ಅವ್ರ ಅಡುಗೆಮನೆ ಗ್ಯಾಸ್ ನಾನು ತೆಗೆಸಿ ಬಿಡ್ತೇನೆ. ಊಟ ನಮ್ಮಲ್ಲಿಂದ ಬರ್ತದೆ." ಶಾಲೆಯಲ್ಲಿ ಅವರ ಪಿರಿಯಡ್ಡಿನ ಹೊತ್ತಿಗೆ ನಾನು ಏನಾದರೊಂದು ನೆಪ ಮಾಡಿಕೊಂಡು ಪಕ್ಕದಲ್ಲಿ ಇರುತ್ತಿದ್ದೆ. ಮಕ್ಕಳಿಗೂ ತಿಳಿದುಹೋಗಿತ್ತು. ಅವರು ನಿಲ್ಲಿಸಿದಲ್ಲಿಂದ ಮಕ್ಕಳೇ ಮುಂದುವರಿಸುತ್ತಿದ್ದರು, ಎಲ್ಲರ ಮಾತೂ ಎಲ್ಲರಿಗೂ ಬರುತ್ತಿತ್ತಲ್ಲ.

ಆ ಸಿನೆಮಾ ಬಿಡುಗಡೆಯಾದಾಗ ನಾವಿಬ್ಬರೂ ಮಾಲ್‌ಗೆ ಹೋಗಿ ನೋಡಿದೆವು. ದೃಶ್ಯವನ್ನು ಕತ್ತರಿಸಿ ಒಂದಿಷ್ಟೇ ಉಳಿಸಿದ್ದರು. ಆ ಮುಖ, ಕೊನೆಯ ಮಾತು. ಅವರು ನನ್ನ ಕಡೆ ಬಾಗಿ, "ಈ ಮುದುಕಿ ಚೆನ್ನಾಗಿ ಮಾಡುತ್ತಾಳೆ. ಯಾರಿವಳು?" ಎಂದು ಕೇಳಿದರು. ನಾನು ಕತ್ತಲಲ್ಲಿ ಅವರ ಕೈ ಹಿಡಿದುಕೊಂಡು ಹೆಸರು ಹೇಳಿದೆ. "ಕೇಳಿದ ಹಾಗಿದೆ," ಎಂದರು.

ವೀಸಾ ಮುಗಿಯುವ ಮೊದಲೇ ನ್ಯುಮೋನಿಯಾ ಬಂತು. ಅವರನ್ನು ಯಾರೂ ವಿಮಾನ ಹತ್ತಿಸಲಿಲ್ಲ. ಅದೇ ಸ್ಮಶಾನದಲ್ಲಿ, ಗಂಡನಿಗೆ ಹೆಚ್ಚು ದೂರವಲ್ಲದ ಕಡೆ ಜಾಗ ಸಿಕ್ಕಿತು. ಸಾಹೇಬರು ಅಂಗಡಿ ಮುಚ್ಚಿ ಬಂದು ಗೇಟಿನ ಹತ್ತಿರ ನಿಂತಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಮಂಚ ಗೋಡೆಯ ಕಡೆಗಿತ್ತು, ಬೆಳಕು ಕಲೆಯ ಮೇಲೆ ಬೀಳುತ್ತಿತ್ತು. ನರ್ಸ್ ನಮ್ಮ ಉಡುಪಿ ಕಡೆಯವಳು. ಅವಳಿಗೆ ಹೇಳಿ ಇಬ್ಬರೂ ಸೇರಿ ಮಂಚ ತಿರುಗಿಸಿದೆವು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಗುರುತಿನ ಸುಳಿವೇ ಇರಲಿಲ್ಲ. ಆಮೇಲೆ ಮೆಲ್ಲಗೆ, ನಾನು ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಅದೇ ರಾಗದಲ್ಲಿ ಹೇಳಿದರು: "ನಾನು ಬಂದೆ, ಅಮ್ಮ."

ಅವರ ಮಾತು ಹೋಗಿ, ಅವರೊಳಗೆ ಉಳಿದಿದ್ದದ್ದು ನನ್ನದು. ನನ್ನೊಳಗೆ ಉಳಿದದ್ದು ಅವರದು. ಅವರೇ ಹಾಗೆ ಕಲಿಸಿದ್ದು. "ಬಾಗಿಲು ಹಾಕು. ಮರಳು ಒಳಗೆ ಬರುತ್ತದೆ," ಎಂದೆ.

"ನನ್ನ ಗುರುತು ಸಿಕ್ಕಿತಾ?"

ನಾನು ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡೆ. "ಗುರುತಿಲ್ಲದವರಿಗೆ ನಾನು ಬಾಗಿಲು ಹಾಕು ಎನ್ನುವುದಿಲ್ಲ," ಎಂದೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ನರ್ಸ್ ಹೋಗಿ ಬಾಗಿಲು ಹಾಕಿ ಬಂದಳು.