ಗರಸಿನ ಅಂಗಳದ ಮೊದಲ ಗೆಲುವುಗಳು

ಆ ವರ್ಷ ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ನಮ್ಮ ಖಾನಾವಳಿಯಲ್ಲಿ ಊಟಕ್ಕಿಂತ ಮಾತೇ ಜಾಸ್ತಿಯಾಗಿತ್ತು. ಮಾತೆಂದರೆ ಬೇರೇನೂ ಅಲ್ಲ, ಗಿರಣಿಯ ಬಾಸ್ಕೆಟ್‌ಬಾಲ್ ತಂಡದ್ದು. ಮೊದಲ ನಾಲ್ಕು ಮ್ಯಾಚುಗಳನ್ನು ಒಂದರ ಹಿಂದೊಂದು ಗೆದ್ದುಬಿಟ್ಟಿದ್ದರು. ಇದು ಖರೆ ತಾಕತ್ತೋ, ಬರೀ ಶುರುವಿನ ಅಬ್ಬರವೋ ಎಂದು ಅಪ್ಪ ಮತ್ತು ಅವನ ಗೆಳೆಯರು ದಿನಾ ಸಂಜೆ ಹಟಕ್ಕೆ ಬಿದ್ದು ವಾದ ಮಾಡುತ್ತಿದ್ದರು. ಪರದೆಯ ಈಚೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ನನಗೆ ಆ ವಾದದ ಒಂದೊಂದು ಮಾತೂ ಬೇಕಿತ್ತು. ಯಾಕೆಂದರೆ ಅವರು ಅಲ್ಲಿ ಕೂತು ತೀರ್ಮಾನಿಸುತ್ತಿದ್ದದ್ದು ನನ್ನ ಮದುವೆಯನ್ನು.

ಹೇಗೆ ಅಂತ ಹೇಳುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜಿಗೆ ಹೋಗುವ ದಾರಿಯ ಮಗ್ಗುಲಿಗೆ ನಮ್ಮ ಖಾನಾವಳಿ. ನಮ್ಮ ಕಡೆಯ ಒಂದು ಹತ್ತಿ ಗಿರಣಿಯ ಮಾಲಕರಿಗೆ ಬಾಸ್ಕೆಟ್‌ಬಾಲಿನ ಹುಚ್ಚು. ಎತ್ತರದ ಹುಡುಗರನ್ನು ಹುಡುಕಿ ತಂದು, ಆಡುವುದಕ್ಕೆಂದೇ ಪಗಾರ ಕೊಟ್ಟು ಇಟ್ಟುಕೊಂಡಿದ್ದರು. ಹುಡುಗರು ಮುಂಜಾನೆ ಗಿರಣಿಯಲ್ಲಿ ಹೆಸರಿಗೆ ಒಂದಿಷ್ಟು ಕೆಲಸ ಮಾಡಿ, ಮಧ್ಯಾಹ್ನದ ಮೇಲೆ ಚೆಂಡು ಹಿಡಿಯುತ್ತಿದ್ದರು. ಎರಡು ಹೊತ್ತಿನ ಊಟ ನಮ್ಮಲ್ಲಿ. ಗದಗ, ಹುಬ್ಬಳ್ಳಿ, ಸೊಲ್ಲಾಪುರದ ಇಂಥವೇ ತಂಡಗಳ ಜೊತೆ ಶಿವರಾತ್ರಿಯವರೆಗೆ ಲೀಗ್. ಕೊನೆಗೆ ಮೊದಲ ಎರಡರಲ್ಲಿ ನಿಂತರೆ ಎಲ್ಲರ ನೌಕರಿಯೂ ಕಾಯಂ, ಇಲ್ಲದಿದ್ದರೆ ಎಲ್ಲರೂ ತಮ್ಮ ತಮ್ಮ ಊರಿಗೆ. ಮಾಲಕರು ಹಾಗೆಂದು ಮೊದಲೇ ಹೇಳಿಬಿಟ್ಟಿದ್ದರು.

ಆ ತಂಡದಲ್ಲಿ ಹುನಗುಂದದ ಒಬ್ಬ ಹುಡುಗನಿದ್ದ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಉದ್ದ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಗಂಟು ಹೊತ್ತುಕೊಂಡು ಬಂದು, ಚಳಿಗಾಲ ಮುಗಿಯುವವರೆಗೆ ಬಾಗಲಕೋಟೆಯಲ್ಲೇ ಉಳಿದು ನಮ್ಮಲ್ಲೇ ಉಣ್ಣುತ್ತಿದ್ದ. ಅವನೇ ಅಪ್ಪನ ಕಿವಿಗೆ ಹಾಕಿದ್ದು: "ಮಂದಿ ನಿಮ್ಮವರ ಅದಾರ. ಮನಿತನ ನಾ ಬಲ್ಲೆ. ಹುಡುಗನೂ ಶಾಣ್ಯಾ. ಮಗಳಿಗೆ ನೋಡ್ರಿ." ಅಪ್ಪ ಒಂದು ವಾರ ಯೋಚನೆ ಮಾಡಿ ಉತ್ತರ ಕೊಟ್ಟ: "ಹುಡುಗ ಕಾಯಂ ಆಗ್ಲಿ, ನಿಶ್ಚಯ ಮಾಡೂಣು." ಅಂದರೆ ಗಿರಣಿಯ ತಂಡ ಗೆದ್ದರೆ ನನ್ನ ಮದುವೆ ಇವನ ಜೊತೆ, ಸೋತರೆ ಇನ್ನಾರ ಜೊತೆಯೋ. ಮನೆಯಲ್ಲಿ ಹೀಗೊಂದು ಠರಾವು ಆಗಿದ್ದು ನನಗೆ ಗೊತ್ತಾದದ್ದು ಪರದೆಯ ಈಚೆಯಿಂದಲೇ. ನನಗೆ ಹೇಳಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಸಿಟ್ಟು ನೆತ್ತಿಗೇರಿತ್ತು, ಆದರೆ ಯಾರ ಮೇಲೆ ಹಾಯುವುದು? ರೊಟ್ಟಿಯ ಮೇಲೆ ಹಾಯ್ದೆ.

ವಾದಕ್ಕೆ ಕೂಡುತ್ತಿದ್ದವರು ಮೂರೇ ಜನ. ಅಪ್ಪ, ಆ ಸೀರೆ ವ್ಯಾಪಾರಿ, ಮತ್ತೆ ನಮ್ಮ ಓಣಿಯಲ್ಲೇ ಇದ್ದ ರಿಟೈರಾದ ಡ್ರಿಲ್ ಮಾಸ್ತರ. ಅಪ್ಪನಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಅದನ್ನು ಅವನು ಬುಟ್ಟಿ ಆಟ ಎನ್ನುತ್ತಿದ್ದ. ಆದರೂ ಒಂದು ಮ್ಯಾಚನ್ನೂ ತಪ್ಪಿಸುತ್ತಿರಲಿಲ್ಲ. ರೊಕ್ಕದ ಗಲ್ಲೆಯನ್ನು ಅವ್ವನಿಗೆ ಒಪ್ಪಿಸಿ ಓಡುತ್ತಿದ್ದ.

"ನಾಕಕ್ಕ ನಾಕೂ ಗೆದ್ದಾರ. ಇನ್ನೇನ್ ಬೇಕ್ರಿ ಮಾಸ್ತರ?" ಎಂದು ಅಪ್ಪ ಶುರು ಮಾಡುತ್ತಿದ್ದ.

"ಎಲ್ಲಿ ಗೆದ್ದಾರ ಅದನ್ನ ಹೇಳ್ರಿ," ಎಂದು ಮಾಸ್ತರ ಎಲೆಗೆ ಸುಣ್ಣ ಸವರುತ್ತ ಹೇಳುತ್ತಿದ್ದ. "ನಾಕೂ ನಮ್ಮ ಅಂಗಳದಾಗ. ನಮ್ಮದು ಗರಸು ಹಾಕಿ ರೋಲರ್ ಹೊಡದ ಅಂಗಳ. ಅದರ ಮ್ಯಾಲೆ ಚೆಂಡು ಪುಟಿಯೂದ ಇಲ್ಲ. ಹೊರಗಿನವ್ರು ಸಿಮೆಂಟಿನ ಮ್ಯಾಲೆ ಆಡಿ ಬೆಳದವ್ರು, ಇಲ್ಲಿ ಬಂದು ದಿಕ್ಕ ತಪ್ಪತಾರ. ನಮ್ಮವ್ರು ಸೊಲ್ಲಾಪುರದ ಸಿಮೆಂಟಿನ ಮ್ಯಾಲೆ ಆಡ್ಲಿ, ಆಗ ನೋಡೂಣು."

"ನಿಮ್ಮದು ಬರೇ ಅಪಶಕುನದ ಮಾತು," ಎನ್ನುತ್ತಿದ್ದ ವ್ಯಾಪಾರಿ. "ಹುನಗುಂದದ ಹುಡುಗ ಇದ್ದಾನಲ್ರಿ, ಬುಟ್ಟಿಗೆ ಕೈ ಹತ್ತತೈತಿ ಅವಂದು. ಅವಗ ಗರಸೇನು, ಸಿಮೆಂಟೇನು?"

"ಅವ ಭಾಳ ಚಲೋ ಹುಡುಗ. ಆದ್ರ ಚೆಂಡು ಸಿಕ್ಕ ಕೂಡ್ಲೆ ಬ್ಯಾರೆಯವ್ರಿಗೆ ಕೊಟ್ಟುಬಿಡತಾನ. ತಾನ ಹಾಕಬೇಕಲ್ಲ? ಕಸಗೊಂಡು ಹಾಕೂ ಸ್ವಭಾವನ ಇಲ್ಲ ಅವಂದು."

ಈ ಮಾತಿಗೆ ನನ್ನ ಕೈ ನಿಲ್ಲುತ್ತಿತ್ತು. ಚಲೋ ಹುಡುಗ, ಆದರೆ ಕಸಿದುಕೊಳ್ಳುವ ಸ್ವಭಾವವಿಲ್ಲ. ಇದು ಗಂಡನಿಗೆ ಒಳ್ಳೆಯ ಗುಣವೋ ಕೆಟ್ಟ ಗುಣವೋ ಎಂದು ನಾನು ಹೆಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೂ ಯೋಚಿಸುತ್ತಿದ್ದೆ. "ಕೈ ಎಲ್ಲೈತಿ, ಲಕ್ಷ ಎಲ್ಲೈತಿ ನಿಂದು?" ಎಂದು ಅವ್ವ ಬೈದು, ರೊಟ್ಟಿ ತಿರುವಿ ಹಾಕಿ, ಮತ್ತೆ ತನ್ನ ಕೆಲಸಕ್ಕೆ ಬೀಳುತ್ತಿದ್ದಳು.

ಆ ದಿನಗಳಲ್ಲಿ ನನಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ನೀರಿಗೆ ಹೋದರೆ ಕೊಡ ಮರೆತು ಬರುತ್ತಿದ್ದೆ. ಮ್ಯಾಚಿದ್ದ ದಿನ ಸಂಜೆಯಾಗುತ್ತಲೇ ದೇವರಿಗೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದೆ. ಗೆಲ್ಲಲಿ ಅಂತಲೋ, ಸೋಲಲಿ ಅಂತಲೋ? ನಿಜ ಹೇಳುತ್ತೇನೆ, ನನಗೇ ಗೊತ್ತಿರಲಿಲ್ಲ. ಒಂದು ಗಳಿಗೆ ಗೆದ್ದು ಸಾಯಲಿ ಅನಿಸುತ್ತಿತ್ತು, ಇನ್ನೊಂದು ಗಳಿಗೆ ಇವರೆಲ್ಲರ ಮೂತಿ ಸಣ್ಣಗಾಗುವಂತೆ ಸೋಲಲಿ ಅನಿಸುತ್ತಿತ್ತು. ಅಪ್ಪ ಬಂದು ಬಾಯಿ ಬಿಡುವ ಮೊದಲೇ ಫಲಿತಾಂಶ ನನಗೆ ಊಟದ ಪಂಕ್ತಿಯಿಂದ ತಿಳಿಯುತ್ತಿತ್ತು. ಗೆದ್ದ ದಿನ ಹುಡುಗರು ಮಾತಿನಲ್ಲೇ ಹೊಟ್ಟೆ ತುಂಬಿಸಿಕೊಂಡು ರೊಟ್ಟಿ ಉಳಿಸುತ್ತಿದ್ದರು.

ಒಂದು ಸಲ ಪುಸ್ತಕ ತರುವ ನೆಪ ಮಾಡಿ ಗೆಳತಿಯ ಜೊತೆ ಕಾಲೇಜಿನ ಹಿಂದಿನ ದಿನ್ನೆ ಹತ್ತಿ, ಅಲ್ಲಿಂದ ಅವರ ಆಟ ನೋಡಿದೆ. ಮಾಸ್ತರ ಹೇಳಿದ್ದು ಖರೆ ಇತ್ತು. ಆ ಉದ್ದನೆಯ ಹುಡುಗ ಬುಟ್ಟಿಯ ಕೆಳಗೇ ನಿಂತಿದ್ದರೂ ಚೆಂಡನ್ನು ಪಕ್ಕದವನಿಗೆ ಕೊಟ್ಟ. ಪಕ್ಕದವನು ಹಾಕಿದ, ಜನ ಪಕ್ಕದವನ ಹೆಸರು ಹಿಡಿದು ಕೂಗಿದರು. ಇವನು ಬೆವರು ಒರೆಸಿಕೊಂಡು ಹಿಂದಕ್ಕೆ ಓಡಿದ, ಮುಖದಲ್ಲಿ ಖುಷಿ ಇತ್ತು. ನನಗೆ ಸಿಟ್ಟು ಬಂತು. ಅಯ್ಯ ದಡ್ಡಾ, ನೀನೇ ಹಾಕಬಾರದಿತ್ತೇ, ಎಂದು ದಿನ್ನೆಯ ಮೇಲೆ ನಿಂತು ಗೊಣಗಿದೆ. ಗೆಳತಿ ನನ್ನ ಮುಖ ನೋಡಿ ನಕ್ಕಳು. ಇಳಿಯುವಾಗ ಇಡೀ ದಾರಿ ಅವಳನ್ನು ಹಿಂದೆ ಬಿಟ್ಟು ನಡೆದೆ.

ನಾಲ್ಕನೆಯ ಗೆಲುವಿನ ಮರುದಿನ ವ್ಯಾಪಾರಿ ಅಪ್ಪನನ್ನು ಪೂರ್ತಿ ಬಗ್ಗಿಸಿಬಿಟ್ಟ. "ಈಗ ತಡಾ ಮಾಡಿದ್ರ ಕೆಟ್ಟೀರಿ. ಹುಡುಗ ಕಾಯಂ ಆದ ಅಂದ್ರ ಹೆಣ್ಣ ಕೊಡಾವ್ರು ಬಾಗಲಾ ಕಾಯತಾರ. ಬರೂ ಶನಿವಾರ ತುಳಸಿಗೇರಿ ಹನಮಪ್ಪನ ಮುಂದ ಕಾಯಿ ಒಡದು ಮಾತು ಗಟ್ಟಿ ಮಾಡ್ಕೊಂಬಿಡೂಣು." ಮಾಸ್ತರ ತಲೆ ಅಲ್ಲಾಡಿಸಿದ: "ಸುಗ್ಗಿಕಿಂತ ಮೊದಲ ಚೀಲಾ ಹೊಲಿಯಾಕ ಕುಂತೀರಿ. ಶುಕ್ರವಾರ ಸೊಲ್ಲಾಪುರದಾಗ ಮ್ಯಾಚ್ ಐತಿ, ಅದು ಮುಗೀಲಿ." ಅಪ್ಪ ಅವನ ಮಾತು ಕೇಳಲಿಲ್ಲ. ಹುನಗುಂದಕ್ಕೆ ಶನಿವಾರದ ಮಾತು ಹೋಯಿತು. ಅವ್ವ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹರವಿದಳು.

ತಂಡ ಸೊಲ್ಲಾಪುರದ ಗಾಡಿ ಹತ್ತುವ ಹಿಂದಿನ ಸಂಜೆ ಆ ಹುಡುಗ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದ. ನಾನು ಅಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಮುಂದಿನ ಕೋಣೆಯಲ್ಲಿ ಮೂವರ ವಾದ ಜೋರಾಗಿ ನಡೆದಿತ್ತು. ಅವನು ಒಂದು ಕ್ಷಣ ನಿಂತು ಕೇಳಿಸಿಕೊಂಡು, ನನ್ನ ಕಡೆ ನೋಡದೆ ಹೇಳಿದ: "ಅವರು ಆಟದ ಮಾತು ಅಷ್ಟ ಆಡಾಕತ್ತಿಲ್ಲ. ಗೊತ್ತೈತೇನ್ರಿ ನಿಮಗ?"

"ನನಗ ಯಾವಾಗೋ ಗೊತ್ತೈತಿ. ನಿಮಗ ಈಗ ತಿಳೀತೇನು?" ಎಂದೆ. ಧ್ವನಿ ನನಗೆ ಬೇಕಾದ್ದಕ್ಕಿಂತ ಖಾರವಾಗಿ ಬಂತು.

ಅವನು ನಕ್ಕ. "ಹಂಗಾರ ನಾವು ಸೋತ್ರ ನೀವು ಪಾರಾದ್ರಿ."

ಅಷ್ಟು ಹೇಳಿ ತಲೆ ಬಗ್ಗಿಸಿ ಬಾಗಿಲು ದಾಟಿ ಹೋದ. ನನಗೆ ಪಾರಾಗಬೇಕಿದೆ ಎಂದು ಇವನಿಗೆ ಯಾರು ಹೇಳಿದರು? ಪಾರಾಗುವುದು ಬೇಡ ಎಂದಾದರೂ ಯಾರು ಹೇಳಿದರು? ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ನಿಂತಿತು. ಆಮೇಲೆ ಎರಡು ದಿನ ನಾನು ಮಾಡಿದ ಪಲ್ಯಕ್ಕೆಲ್ಲ ಉಪ್ಪು ಜಾಸ್ತಿ.

ಸೊಲ್ಲಾಪುರದಲ್ಲಿ ಸೋತರು. ಸಿಮೆಂಟಿನ ಅಂಗಳದಲ್ಲಿ ಚೆಂಡು ಇವರ ಎಣಿಕೆಗೆ ಮೀರಿ ಪುಟಿಯಿತಂತೆ, ಹಿಡಿಯುವ ಕೈಗಿಂತ ಮುಂದೆ ಹೋಯಿತಂತೆ. ಶನಿವಾರ ಗಾಡಿ ಇಳಿದು ಬಂದವರು ತುಟಿ ಪಿಟ್ಟೆನ್ನದೆ ಉಂಡರು, ರೊಟ್ಟಿ ಕಡಿಮೆ ಬಿತ್ತು. ಅಪ್ಪ ಕಾಯಿ ಒಡೆಯುವುದನ್ನು ಮುಂದಕ್ಕೆ ಹಾಕಿದ. ಅವ್ವ ಸೀರೆಯನ್ನು ಮಡಚಿ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಳು. ಆಮೇಲೆ ಗದಗಿನಲ್ಲಿ ಸೋತರು, ಹುಬ್ಬಳ್ಳಿಯಲ್ಲಿ ಸೋತರು, ಊರಲ್ಲಿ ಒಂದು ಗೆದ್ದು, ಮತ್ತೆ ಹೊರಗೆ ಸೋತರು. ಪ್ರತಿ ಸಂಜೆಯೂ ವಾದ ಮಾತ್ರ ನಿಲ್ಲಲಿಲ್ಲ. ಇನ್ನು ಇಷ್ಟು ಗೆದ್ದರೆ ಎರಡನೆಯ ಸ್ಥಾನ ಸಿಕ್ಕೀತು, ಅವರು ಇವರಿಗೆ ಸೋತರೆ ನಮಗೆ ಲಾಭವಾದೀತು ಎಂದು ವ್ಯಾಪಾರಿ ಬೆರಳು ಮಡಚುತ್ತಿದ್ದ. ಮಾಸ್ತರನಿಗೆ ತನ್ನ ಮಾತು ಖರೆಯಾದದ್ದಕ್ಕೆ ಖುಷಿಯೂ ಇರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಎಲ್ಲ ಮುಗಿಯಿತು. ಹುಡುಗರು ಟ್ರಂಕು ಹೊತ್ತು ಒಬ್ಬೊಬ್ಬರಾಗಿ ತಮ್ಮ ಊರಿಗೆ ಹೋದರು. ಹುನಗುಂದದವನು ಹೋಗುವ ದಿನ ನಾನು ಹೊರಗೆ ಬರಲಿಲ್ಲ; ಬರಲು ನನಗೇನು ಹಕ್ಕಿತ್ತು?

"ಉಳಕೊಂಡ್ವಿ ನೋಡು," ಎಂದ ಅಪ್ಪ, ಅವ್ವನ ಕಡೆ ತಿರುಗಿ. "ಆ ಶನಿವಾರ ಕಾಯಿ ಒಡದಿದ್ರ ಇವತ್ತ ಏನ್ ಗತಿ?"

ಉಳಿದುಕೊಂಡೆವು ಎಂಬ ಆ ಮಾತು ಕೇಳಿ ನನ್ನ ಮೈ ಉರಿಯಿತು. ಅಳು ಬಂತು, ಅಳುವುದಕ್ಕೂ ಸಿಟ್ಟು ಬಂತು.

ಆದರೆ ಅಪ್ಪ ಕೆಟ್ಟವನಲ್ಲ. ಒಮ್ಮೆ ಮಾತು ಕಳಿಸಿದ ಮೇಲೆ ಇನ್ನೊಬ್ಬರ ಬಾಯಿಂದ ಬೇಡ ಎಂದು ಹೇಳಿಸುವುದು ಅವನಿಗೆ ಸರಿ ಕಾಣಲಿಲ್ಲ. ತಾನೇ ಹೋಗಿ, ಅವರ ಮನೆಯಲ್ಲಿ ಕೂತು ಹೇಳಿ ಬರಬೇಕು ಎಂದ. ಮಾಸ್ತರನನ್ನು ಜೊತೆ ಮಾಡಿಕೊಂಡು ಮುಂಜಾನೆಯ ಬಸ್ಸಿಗೆ ಹುನಗುಂದಕ್ಕೆ ಹೋದ. ನಾನು ಆ ದಿನ ಒಂದೇ ಕೋಣೆಯನ್ನು ಎಷ್ಟು ಸಲ ಗುಡಿಸಿದೆನೋ, ಅವ್ವ ಕೊನೆಗೆ ಕೈಯಿಂದ ಕಸಬರಿಗೆ ಕಸಿದುಕೊಂಡಳು.

ಸಂಜೆ ಅಪ್ಪ ಬಂದ. ಮುಖ ತೊಳೆಯಲಿಲ್ಲ, ಗಲ್ಲೆಯ ಹತ್ತಿರ ಹೋಗಲಿಲ್ಲ. ಪರದೆ ಸರಿಸಿ ಅಡಿಗೆಮನೆಗೆ ಬಂದು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತ. ಅವನು ಹಾಗೆ ಒಳಗೆ ಬಂದು ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಅವ್ವ ತಾಟು ಇಟ್ಟಳು.

"ಹೇಳೂದು ಎಲ್ಲಾ ಹೇಳಿದೆ," ಎಂದ, ತಾಟಿನ ಕಡೆ ನೋಡುತ್ತ. "ಅವರಪ್ಪ ಒಪ್ಪಿದ, ಆತು ಬಿಡ್ರಿ ಅಂದ. ಆ ಹುಡುಗ ಒಲ್ಲೆ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಹೊಲದಿಂದ ಆಗಷ್ಟ ಬಂದಿದ್ದ. ನಾವು ಏಳೂ ಹೊತ್ತಿಗೆ ಒಂದ ಮಾತು ಕೇಳಿದ. ಗೆದ್ದಾಗ ನೀವ ಹೂಂ ಅಂದ್ರಿ, ಸೋತಾಗ ನೀವ ಬ್ಯಾಡ ಅಂದ್ರಿ, ಆಕೀನ್ನ ಕೇಳೀರೇನ್ರಿ ಅಂದ."

ನನ್ನ ಕೈಯಲ್ಲಿ ಹಿಟ್ಟು ಹಾಗೇ ಉಳಿಯಿತು.

"ಮಾಸ್ತರ ನನ್ನ ಮುಖಾ ನೋಡಿದ. ನಾ ಮಾಸ್ತರನ ಮುಖಾ ನೋಡಿದೆ." ಅಪ್ಪ ಈಗ ತಲೆ ಎತ್ತಿದ. "ಏನವಾ, ನಿನಗ ಹ್ಯಾಂಗ ಅನಸತೈತಿ?"

ಒಂದು ಇಡೀ ಚಳಿಗಾಲ ನಾನು ಆ ಪ್ರಶ್ನೆಗೆ ಸಿಟ್ಟಿನ ಉತ್ತರಗಳನ್ನು ಜೋಡಿಸಿ ಇಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ, ಉರಿ ಹತ್ತಿತು.

"ನನ್ನ ಕೇಳಂತ ಹೇಳಿದವನ್ನ ಮದುವಿ ಮಾಡ್ಕೋತೇನಿ," ಎಂದೆ. "ನೌಕರಿ ಇರ್ಲಿ, ಬಿಡ್ಲಿ."

ಅಪ್ಪ, ನೀನಾದರೂ ಒಂದು ಮಾತು ಹೇಳು ಎನ್ನುವ ಹಾಗೆ ಅವ್ವನ ಕಡೆ ನೋಡಿದ. ಅವ್ವ ಹೆಂಚಿನಿಂದ ಬಿಸಿ ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿದಳು.

"ನಮ್ಮ ಮದುವ್ಯಾಗ ನನ್ನ ಯಾರೂ ಕೇಳಿರಲಿಲ್ರಿ," ಎಂದಳು.